ಗ್ಯಾಸ್ ಇಲ್ಲದ ಮನೆಯ ಚಳಿಗಾಲ

1968ರ ಮೇ 16ರ ನಸುಕಿನಲ್ಲಿ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಮಹಡಿಯಲ್ಲಿ ಮಹಿಳೆಯೊಬ್ಬರು ಚಹಾ ಕಾಯಿಸಲು ಕಡ್ಡಿ ಗೀರಿದರು. ಸೋರಿ ತುಂಬಿಕೊಂಡಿದ್ದ ಗ್ಯಾಸ್ ಸ್ಫೋಟಿಸಿ ಕಟ್ಟಡದ ಒಂದು ಮೂಲೆಯೇ ಕುಸಿಯಿತು. ನಾಲ್ವರು ಸತ್ತರು, ಕಡ್ಡಿ ಗೀರಿದವರು ಬದುಕಿದರು. ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಎತ್ತರಕ್ಕೆ ಕಟ್ಟಿದ ಅಂಥ ಕಟ್ಟಡಗಳಿಗೆ ಗ್ಯಾಸ್ ಬೇಡವೆಂದು ಸರ್ಕಾರ ಆಮೇಲೆ ಸೂಚಿಸಿತು. ಬ್ರಿಟನ್ನಿನ ಎಷ್ಟೋ ಸಣ್ಣ ಫ್ಲ್ಯಾಟ್‌ಗಳಲ್ಲಿ ಒಲೆ, ಬಿಸಿನೀರು, ಕೋಣೆಯ ಶಾಖ ಎಲ್ಲವೂ ಕರೆಂಟಿನಿಂದಲೇ ನಡೆಯುವುದಕ್ಕೆ ಇದೂ ಒಂದು ಕಾರಣ. ಕೊಳವೆ ಎಳೆಯುವ ಖರ್ಚು ಉಳಿಸಿಕೊಂಡ ಬಿಲ್ಡರ್‌ಗಳು ಇನ್ನೊಂದು.

ಅದರ ಬೆಲೆ ತೆರುತ್ತಿರುವವರು ಇಂದಿನ ಬಾಡಿಗೆದಾರರು. 2025ರ ಮೊದಲ ಮೂರು ತಿಂಗಳಿಗೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಹಾಕಿದ ಮಿತಿಯಲ್ಲಿ ಕರೆಂಟ್ ಯೂನಿಟ್ಟಿಗೆ ಸರಾಸರಿ 24.86 ಪೆನ್ಸ್, ಗ್ಯಾಸ್ 6.34 ಪೆನ್ಸ್. ಹತ್ತಿರಹತ್ತಿರ ನಾಲ್ಕು ಪಟ್ಟು. ಸಗಟು ಮಾರುಕಟ್ಟೆಯಲ್ಲಿ ಕರೆಂಟಿನ ದರವನ್ನು ಬಹುಪಾಲು ಹೊತ್ತು ನಿಗದಿ ಮಾಡುವುದು ಗ್ಯಾಸ್ ಸುಡುವ ಸ್ಥಾವರಗಳು. ಗಾಳಿ, ಬಿಸಿಲಿನ ವಿದ್ಯುತ್ತಿಗೆ ಕೊಟ್ಟ ಪ್ರೋತ್ಸಾಹಧನದ ಹೊರೆಯನ್ನೂ ವರ್ಷಗಟ್ಟಲೆ ಕರೆಂಟ್ ಬಿಲ್ಲಿನ ಮೇಲೆಯೇ ಹೇರಿಕೊಂಡು ಬಂದರು. ಹೊಗೆಯಿಲ್ಲದೆ ಮನೆ ಕಾಯಿಸಿಕೊಳ್ಳುವ ಬಡವ, ಗ್ಯಾಸ್ ಬಾಯ್ಲರ್ ಇಟ್ಟುಕೊಂಡ ಸಿರಿವಂತನಿಗಿಂತ ದುಬಾರಿ ಶಾಖ ಕೊಳ್ಳುವ ಈ ಏರ್ಪಾಡು ನನಗೆ ಶುದ್ಧ ಅನ್ಯಾಯವಾಗಿ ಕಾಣುತ್ತದೆ.

ಎರಡು ಕಿಲೋವಾಟ್‌ನ ಹೀಟರ್ ದಿನಕ್ಕೆ ಎಂಟು ಗಂಟೆ ಉರಿದರೆ 16 ಯೂನಿಟ್, 2025ರ ಆ ದರದಲ್ಲಿ ಸುಮಾರು ನಾಲ್ಕು ಪೌಂಡ್. ಓದಲು, ನರ್ಸ್ ಕೆಲಸಕ್ಕೆಂದು ಕರ್ನಾಟಕದಿಂದ ಹೋಗಿ ಅಲ್ಲಿ ಬಾಡಿಗೆಗಿರುವವರು ಈ ಲೆಕ್ಕವನ್ನು ಊರಿನ ಗೃಹಜ್ಯೋತಿ ಉಚಿತ ಕರೆಂಟ್ ಯೋಜನೆಯ ಪಕ್ಕ ಇಟ್ಟು ನೋಡಲಿ: 200 ಯೂನಿಟ್ಟಿನ ತಿಂಗಳ ಗರಿಷ್ಠ ಮಿತಿ ಹದಿಮೂರೇ ದಿನಕ್ಕೆ ಮುಗಿಯುತ್ತದೆ. ಹೀಟರ್ ಎಣ್ಣೆಯದಾಗಲಿ, ಫ್ಯಾನಿನದಾಗಲಿ, ಒಂದು ಯೂನಿಟ್ ಕರೆಂಟಿನಿಂದ ಒಂದು ಯೂನಿಟ್ ಶಾಖಕ್ಕಿಂತ ಹೆಚ್ಚು ಹುಟ್ಟದು. ಉಳಿತಾಯದ ಹೀಟರ್ ಎಂದು ಮಾರುವವರನ್ನು ನಂಬಬೇಡಿ. ಮೂರು ಪಟ್ಟು ಶಾಖ ಕೊಡಬಲ್ಲ ಹೀಟ್ ಪಂಪ್ ಇದೆ ನಿಜ, ಆದರೆ ಅದನ್ನು ಹಾಕಿಸುವ ತೀರ್ಮಾನ ಬಾಡಿಗೆದಾರರ ಕೈಯಲ್ಲಿಲ್ಲ.

ಹಳೆಯ ಫ್ಲ್ಯಾಟ್‌ಗಳಲ್ಲಿ ಗೋಡೆಗಂಟಿದ ಭಾರದ ಪೆಟ್ಟಿಗೆಗಳಿರುತ್ತವೆ: ಸ್ಟೋರೇಜ್ ಹೀಟರ್. ಒಳಗಿನ ಇಟ್ಟಿಗೆಗಳು ರಾತ್ರಿ ಕಾದು ಹಗಲಿಡೀ ಶಾಖ ಬಿಡುತ್ತವೆ. ಬೇಡಿಕೆ ಬಿದ್ದುಹೋದ ಸರಿಹೊತ್ತಿನಲ್ಲೂ ದೊಡ್ಡ ಸ್ಥಾವರಗಳು ಓಡುತ್ತಲೇ ಇರಬೇಕಿತ್ತು. ಆ ಕರೆಂಟನ್ನು ಅಗ್ಗಕ್ಕೆ ಮಾರಲು 1978ರಲ್ಲಿ ಎಕಾನಮಿ 7 ಎಂಬ ದರ ಬಂತು. ರಾತ್ರಿಯ ಏಳು ಗಂಟೆ ಅಗ್ಗ, ಅದಕ್ಕೆ ಬದಲಾಗಿ ಹಗಲು ಮಾಮೂಲಿಗಿಂತ ದುಬಾರಿ. ನಾಳೆಯ ಚಳಿ ಎಷ್ಟೆಂದು ಇವತ್ತೇ ಊಹಿಸಿ ಗುಂಡಿ ತಿರುಗಿಸಬೇಕು. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಕ್ಕೆ ಕೋಣೆ ಬೆಚ್ಚಗಿರುತ್ತದೆ, ಕೆಲಸ ಮುಗಿಸಿ ಬರುವ ಸಂಜೆಗೆ ಇಟ್ಟಿಗೆ ತಣ್ಣಗಾಗಿರುತ್ತದೆ. ಆಗ ಪ್ಲಗ್ಗಿಗೆ ಹಾಕುವ ಹೀಟರ್ ಹಗಲಿನ ದರದಲ್ಲಿ ಉರಿಯುತ್ತದೆ. ರಾತ್ರಿ ಉಳಿದದ್ದು ಅಲ್ಲಿಗೆ ಹೋಯಿತು.

ಈ ರಾತ್ರಿ ದರದ ಎಷ್ಟೋ ಮೀಟರುಗಳಿಗೆ ಅಗ್ಗದ ಹೊತ್ತು ಶುರುವಾಯಿತೆಂದು ತಿಳಿಸುತ್ತಿದ್ದುದು ಬಿಬಿಸಿ ರೇಡಿಯೋ 4ರ ದೀರ್ಘತರಂಗ ಪ್ರಸಾರದೊಳಗೆ ಸೇರಿಸಿದ ಗುಪ್ತ ಸಂಕೇತ. 2025ರ ಜೂನ್ 30ರಿಂದ ಅದನ್ನು ಹಂತಹಂತವಾಗಿ ನಿಲ್ಲಿಸತೊಡಗಿದರು. ಮೀಟರ್ ಬದಲಿಸದ ಮನೆಯಲ್ಲಿ ಹೀಟರ್ ಕಾಯದೇ ಇರಬಹುದು, ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ಕಾಯಬಹುದು.

ಬಿಲ್ಲಿಗೆ ಹೆದರಿ ಹೀಟರ್ ಆರಿಸಿದರೆ ಚಳಿಯಷ್ಟೇ ಅಲ್ಲ, ಅಡುಗೆಯ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ ತಣ್ಣನೆ ಗೋಡೆಗೆ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಮನೆಯ ಶಕ್ತಿದಕ್ಷತೆಯ ದರ್ಜೆ ತಿಳಿಸುವ ಇಪಿಸಿ ಎಂಬ ಪ್ರಮಾಣಪತ್ರ ಕೇಳಿ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ, ವಿನಾಯಿತಿ ಪಡೆದವನ್ನು ಬಿಟ್ಟರೆ, ಇ ದರ್ಜೆಗಿಂತ ಕೆಳಗಿನ ಖಾಸಗಿ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಮೀಟರ್ ಯಾವುದು, ರಾತ್ರಿ ದರ ಇದೆಯೇ, ಹಳೆಯ ಬಾಡಿಗೆದಾರರ ಜನವರಿ ಬಿಲ್ ಎಷ್ಟು ಬಂದಿತ್ತು ಎಂದೂ ವಿಚಾರಿಸಿ.