ಎರಡು ಲಿಪಿಗಳ ಗಡಿಯಲ್ಲಿ ಲಿನಕ್ಸ್ ಗಣಕ

ಗಣಕದಲ್ಲಿ ದೋಷ ಕಾಣಿಸಿಕೊಳ್ಳುವ ಜಾಗ ಒಂದಾದರೆ ಅದು ಹುಟ್ಟಿದ ಜಾಗ ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ. ಪರದೆಯ ಮೇಲೆ ಕನ್ನಡ ಅಕ್ಷರದ ಬದಲು ಚೌಕ ಮೂಡಿದರೆ ಕೆಟ್ಟಿರುವುದು ಪರದೆಯಲ್ಲ. ಪ್ರಿಂಟರಿನಿಂದ ಹಾಳೆ ಹೊರಬಾರದಿದ್ದರೆ ಕೆಟ್ಟಿರುವುದು ಪ್ರಿಂಟರೇ ಆಗಿರಬೇಕಿಲ್ಲ. ಜಾಲತಾಣ ತೆರೆಯದಿರುವುದಕ್ಕೆ ಮದರ್‌ಬೋರ್ಡಿನ ಮೇಲಿನ ಮೂರು ವೋಲ್ಟಿನ ಪುಟ್ಟ ಸೆಲ್ ಕಾರಣವಾಗಿರಬಹುದು. ಲಿನಕ್ಸ್ ಗಣಕದಲ್ಲಿ ಈ ಅಂತರ ಇನ್ನಷ್ಟು ಸ್ಪಷ್ಟ, ಏಕೆಂದರೆ ಅಲ್ಲಿ ಯಂತ್ರಾಂಶವನ್ನು ಆಳುವ ಕರ್ನೆಲ್, ಅದರ ಮೇಲೆ ನಿಂತ ಸೇವೆಗಳು, ಕಿಟಕಿ ಮತ್ತು ಮೆನುಗಳನ್ನು ತೋರಿಸುವ ಡೆಸ್ಕ್‌ಟಾಪ್, ಕೊನೆಗೆ ಬಳಕೆಯ ತಂತ್ರಾಂಶ ಇವೆಲ್ಲವನ್ನೂ ಬೇರೆ ಬೇರೆ ತಂಡಗಳು ಬರೆದಿರುತ್ತವೆ, ಮತ್ತು ಪ್ರತಿ ಪದರವೂ ತನ್ನ ಕೆಲಸದ ದಾಖಲೆಯನ್ನು ತಾನೇ ಇಡುತ್ತದೆ. ಕಾಲುವೆಯ ತುದಿಯ ಹೊಲಕ್ಕೆ ನೀರು ಬಾರದಿದ್ದಾಗ ರಾಯಬಾಗದ ರೈತ ಹೊಲವನ್ನು ಅಗೆಯದೆ ತೂಬಿನಿಂದ ತೂಬಿಗೆ ಹಿಂದಕ್ಕೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮೊದಲು ನೋಡುತ್ತಾನೆ; ಲಿನಕ್ಸ್ ದುರಸ್ತಿಯ ವಿಧಾನವೂ ಅದೇ.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ಈ ವಿಷಯ ಈಗ ಹತ್ತಿರವಾಗಲು ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಗಣಕಗಳು ಶಾಲೆ, ಸಹಕಾರಿ ಸಂಘ, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿಯೇ ಇರುವಾಗ, ಉಬುಂಟು, ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಅವುಗಳ ಆಯುಸ್ಸನ್ನು ಹಲವು ವರ್ಷ ಹಿಗ್ಗಿಸಬಲ್ಲವು. ಕನ್ನಡ ಶಾಲೆಗೆ ಲಿನಕ್ಸ್ ಹೊಸದೂ ಅಲ್ಲ. ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ 2011ರಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವನ್ನೇ ಬಳಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಇಂದಿಗೂ ನಡೆಯುತ್ತಿದೆ.

ಕನ್ನಡ-ಮರಾಠಿ ಗಡಿಯ ಈ ಭಾಗದ ಬಳಕೆದಾರ ಲಿನಕ್ಸ್ ಕೆಟ್ಟಿದೆ ಎಂದು ದೂರುವ ಸಂದರ್ಭಗಳಲ್ಲಿ ಅತ್ಯಂತ ಗಮನಾರ್ಹವಾದುದು ಲಿಪಿಯದು, ಏಕೆಂದರೆ ನಿಪ್ಪಾಣಿಯ ಒಂದೇ ಮೇಜಿನ ಮೇಲೆ ಬೆಳಿಗ್ಗೆ ಕನ್ನಡದ ಅರ್ಜಿ, ಮಧ್ಯಾಹ್ನ ಮರಾಠಿಯ ಲಗ್ನಪತ್ರಿಕೆ, ಸಂಜೆ ಎರಡೂ ಭಾಷೆಗಳ ಕರಪತ್ರ ಸಿದ್ಧವಾಗುತ್ತವೆ. ಇಲ್ಲಿ ಮೂರು ಬಗೆಯ ತೊಂದರೆಗಳು ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅವುಗಳ ಮೂಲ ಮೂರು ಬೇರೆ ಪದರಗಳಲ್ಲಿದೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಪಠ್ಯ ಸರಿಯಾಗಿಯೇ ಇದ್ದು ಅದನ್ನು ಚಿತ್ರಿಸುವ ಫಾಂಟ್ ಮಾತ್ರ ಇಲ್ಲವೆಂದರ್ಥ; ಲೋಹಿತ್, ನೊಟೊ, ಗುಬ್ಬಿ, ನವಿಲು ಇವುಗಳಲ್ಲಿ ಒಂದನ್ನು ತಂತ್ರಾಂಶ ಭಂಡಾರದಿಂದ ಸ್ಥಾಪಿಸಿದೊಡನೆ ಚೌಕಗಳು ಮಾಯವಾಗುತ್ತವೆ.

ಅಕ್ಷರಗಳು ಕಂಡೂ ಒತ್ತಕ್ಷರಗಳು ಒಡೆದಿದ್ದರೆ, ಅಂದರೆ ಒತ್ತು ಕೆಳಗಿಳಿಯದೆ ಹಲಂತ ಚಿಹ್ನೆಯೊಡನೆ ಪಕ್ಕದಲ್ಲೇ ನಿಂತಿದ್ದರೆ ಅಥವಾ ಗುಣಿತದ ಚಿಹ್ನೆ ಚುಕ್ಕಿಗಳ ವೃತ್ತಕ್ಕೆ ಅಂಟಿಕೊಂಡು ಒಂಟಿಯಾಗಿ ಕಂಡರೆ, ಕಾರಣ ಬೇರೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮ ಕನ್ನಡಕ್ಕೂ ದೇವನಾಗರಿಗೂ ತಲಾ 128 ಸ್ಥಾನಗಳನ್ನು ಮೀಸಲಿಟ್ಟಿದ್ದು, ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ವ್ಯಂಜನ, ಹಲಂತ, ವ್ಯಂಜನ ಎಂದಷ್ಟೇ ಸಂಗ್ರಹವಾಗುತ್ತದೆ. ‘ಕರ್ನಾಟಕ’ ಎಂಬಲ್ಲಿ ರಕಾರದ ಸಂಕೇತ ನಕಾರಕ್ಕಿಂತ ಮೊದಲು ಬರುತ್ತದೆ, ಆದರೆ ಪರದೆಯ ಮೇಲೆ ಅರ್ಕಾವತ್ತು ‘ನಾ’ ಆದ ಮೇಲೆ ನಿಲ್ಲಬೇಕು. ಸಂಗ್ರಹದ ಕ್ರಮವನ್ನು ಬರವಣಿಗೆಯ ಕ್ರಮಕ್ಕೆ ತರುವ ಈ ಕೆಲಸವನ್ನು ಲಿನಕ್ಸ್‌ನಲ್ಲಿ ಬಹುಪಾಲು ಹಾರ್ಫ್‌ಬಝ್ ಎಂಬ ತಂತ್ರಾಂಶ ಮಾಡುತ್ತದೆ. ಅದನ್ನು ಬಳಸದ ಅನ್ವಯದಲ್ಲಿ ಎಷ್ಟು ಫಾಂಟ್ ಬದಲಿಸಿದರೂ ಒತ್ತು ಕೂಡುವುದಿಲ್ಲ. ಪುಟವಿನ್ಯಾಸದ ಸ್ಕ್ರೈಬಸ್‌ನ ಹಳೆಯ 1.4 ಆವೃತ್ತಿಯಲ್ಲಿ ಕನ್ನಡ ಹೀಗೆಯೇ ಚೂರಾಗುತ್ತಿತ್ತು. 2024ರಲ್ಲಿ ಬಂದ 1.6ರಲ್ಲಿ ಅದು ಸರಿಹೋಗಿದೆ. ಫಾಂಟ್ ಹುಡುಕುತ್ತ ದಿನ ಕಳೆಯುವ ಮೊದಲು ಅದೇ ಸಾಲನ್ನು ಬೇರೊಂದು ತಂತ್ರಾಂಶಕ್ಕೆ ನಕಲಿಸಿ ನೋಡಿದರೆ ಈ ಭೇದ ಕ್ಷಣದಲ್ಲಿ ತಿಳಿಯುತ್ತದೆ.

ಮೂರನೆಯ ಬಗೆಯಲ್ಲಿ ಕಡತ ತೆರೆದೊಡನೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಮತ್ತು ತಲೆಯ ಮೇಲೆ ಗೆರೆ ಹೊತ್ತ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇದು ಯೂನಿಕೋಡ್ ಪೂರ್ವದ ನುಡಿ, ಬರಹ ಅಥವಾ ಶ್ರೀಲಿಪಿ ತಂತ್ರಾಂಶದಲ್ಲಿ ಸಿದ್ಧವಾದ ಕಡತ. ಅಲ್ಲಿ ಕನ್ನಡದ ಅಕ್ಷರಚೂರುಗಳ ಚಿತ್ರಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು, ಆದ್ದರಿಂದ ಆ ಫಾಂಟ್ ಇಲ್ಲದ ಕಡೆ ಒಳಗಿನ ಲ್ಯಾಟಿನ್ ಬೆತ್ತಲಾಗುತ್ತದೆ. ಮರಾಠಿಯ ಹಳೆಯ ಕಡತಗಳ ಕತೆಯೂ ಇದೇ. ಪೇಜ್‌ಮೇಕರ್ ಯೂನಿಕೋಡನ್ನು ಅರಿಯದ ಕಾರಣ ಅದನ್ನು ಇನ್ನೂ ನೆಚ್ಚಿಕೊಂಡ ಅಂಗಡಿಗಳಿಂದ ಇಂಥ ಕಡತಗಳು ಇಂದೂ ಹೊರಬರುತ್ತವೆ. ಹಳೆಯ ಫಾಂಟನ್ನು ಲಿನಕ್ಸ್‌ಗೆ ತಂದು ಹಾಕಿದರೆ ಕಣ್ಣಿಗೆ ಕನ್ನಡ ಕಾಣುವುದು ನಿಜ, ಆದರೆ ಗಣಕದ ಮಟ್ಟಿಗೆ ಅದು ಇನ್ನೂ ಲ್ಯಾಟಿನ್ನೇ. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು. ಪರಿವರ್ತಕದ ಮೂಲಕ ಯೂನಿಕೋಡಿಗೆ ಒಮ್ಮೆ ಬದಲಿಸಿ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಾರೆ ತಾಳೆ ನೋಡುವುದೇ ಸರಿಯಾದ ಚಿಕಿತ್ಸೆ.

ಬೆರಳಚ್ಚಿನ ವಿಷಯದಲ್ಲಿ ಎರಡು ಭಾಷೆಗಳ ಈ ಸೀಮೆಗೆ ಲಿನಕ್ಸ್ ಒದಗಿಸುವ ಅನುಕೂಲ ಹೆಚ್ಚು ಜನಕ್ಕೆ ತಿಳಿದಂತಿಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಭಾರತದ ಬಹುತೇಕ ಲಿಪಿಗಳು ಸಮಾನ ಧ್ವನಿಗೆ ಸಮಾನ ಕೀಲಿಯನ್ನು ಇಟ್ಟುಕೊಂಡಿರುವುದರಿಂದ, ಕನ್ನಡದ ಕಕಾರ ಕಲಿತ ಬೆರಳು ಮರಾಠಿಯ ಕಕಾರವನ್ನೂ ಅದೇ ಕೀಲಿಯಲ್ಲಿ ಕಾಣುತ್ತದೆ. ಮರಾಠಿಗೂ ಕನ್ನಡಕ್ಕೂ ಸಮಾನವಾದ ಳಕಾರವೂ ಹಾಗೆಯೇ. ನುಡಿಯ ವಿನ್ಯಾಸಕ್ಕೆ ಒಗ್ಗಿದವರಿಗಾಗಿ ಕಗಪ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡಕ್ಕಷ್ಟೇ ಅಲ್ಲದೆ ಮರಾಠಿಗೂ ಇದೆ. ಪಟ್ಟಿಗೆ ಸೇರಿಸಿದ ಮೇಲೂ ಹೊಸ ಭಾಷೆ ಕಾಣಿಸದಿದ್ದರೆ, ಕೀಲಿಗಳನ್ನು ಅಕ್ಷರಗಳಾಗಿಸುವ ಐಬಸ್ ಎಂಬ ಸೇವೆ ಹಳೆಯ ಪಟ್ಟಿಯೊಡನೆಯೇ ನಡೆಯುತ್ತಿರಬಹುದು. ಒಮ್ಮೆ ಲಾಗ್ಔಟ್ ಆಗಿ ಮರಳಿದರೆ ಸಾಮಾನ್ಯವಾಗಿ ಸಾಕು.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ತೊಡಕಿದೆ. ಅದು ಭಾರತೀಯ ಲಿಪಿಗಳನ್ನು ಸಂಕೀರ್ಣ ಲಿಪಿಗಳೆಂಬ ಒಂದೇ ಗುಂಪಿಗೆ ಸೇರಿಸಿ, ಆ ಇಡೀ ಗುಂಪಿಗೆ ಒಂದೇ ಮೂಲಭಾಷೆಯನ್ನು ಇಟ್ಟುಕೊಳ್ಳುತ್ತದೆ. ಆ ಭಾಷೆ ಹಿಂದಿಯೆಂದು ಇದ್ದರೆ ಕನ್ನಡ ಮತ್ತು ಮರಾಠಿ ಪದಗಳ ಕೆಳಗೆಲ್ಲ ಕೆಂಪು ಗೆರೆ ಎಳೆಯಬಹುದು, ಮರಾಠಿಯ ಲಕಾರ ಮತ್ತು ಶಕಾರ ಹಿಂದಿಯ ರೂಪದಲ್ಲಿ ಮೂಡಬಹುದು. ಫಾಂಟಿನಲ್ಲಿ ಎರಡೂ ರೂಪಗಳಿದ್ದು ಯಾವುದನ್ನು ಆರಿಸಬೇಕೆಂಬುದು ಭಾಷೆಯ ಗುರುತಿನಿಂದ ನಿರ್ಧಾರವಾಗುವುದಾದರೆ, ಆಯಾ ಪ್ಯಾರಾವನ್ನು ಆಯ್ದು ಮರಾಠಿ ಅಥವಾ ಕನ್ನಡವೆಂದು ಗುರುತಿಸಿದೊಡನೆ ಅಕ್ಷರದ ರೂಪ ಬದಲಾಗುತ್ತದೆ.

ಕಡತಕ್ಕೆ ಕನ್ನಡದಲ್ಲೇ ಹೆಸರಿಡುವ ಒಳ್ಳೆಯ ರೂಢಿಯೂ ಎರಡು ವಿಚಿತ್ರ ದೋಷಗಳನ್ನು ತರಬಲ್ಲದು. ಲಿನಕ್ಸ್ ಬಹುವಾಗಿ ಬಳಸುವ ಎಕ್ಸ್ಟ್4 ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿಯಿದ್ದು, ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ಬೇಡುವುದರಿಂದ 85 ಸಂಕೇತಗಳಿಗೇ ಹೆಸರು ಮುಗಿಯುತ್ತದೆ; ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆ ಅದನ್ನು 255 ಸಂಕೇತಗಳೆಂದೇ ಎಣಿಸುವ ಕಾರಣ, ಅಲ್ಲಿ ಜಮೀನಿನ ಉತಾರದ (ಪಹಣಿಯ) ಪೂರ್ಣ ವಿವರವನ್ನೇ ಹೆಸರಾಗಿ ಹೊತ್ತ ಕಡತ ಲಿನಕ್ಸ್‌ಗೆ ನಕಲಾಗುವಾಗ ಹೆಸರು ಉದ್ದವಾಯಿತೆಂಬ ದೂರು ಬರುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ‘ಚಿಕ್ಕೋಡಿ’ ಎಂಬುದು ಸಾಮಾನ್ಯವಾಗಿ ಎಂಟು ಸಂಕೇತಗಳ, 24 ಬೈಟ್‌ಗಳ ಪದ. ಆದರೆ ಅದರೊಳಗಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ, ಊಕಾರ ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಲು ಯೂನಿಕೋಡ್ ಒಪ್ಪುತ್ತದೆ. ಎರಡನೆಯ ರೂಪದಲ್ಲಿ ಅದೇ ಪದ 30 ಬೈಟ್ ಆಗುತ್ತದೆ. ಎಕ್ಸ್ಟ್4 ಹೆಸರನ್ನು ಬರಿಯ ಬೈಟ್‌ಗಳ ಸಾಲೆಂದು ನೋಡುವುದರಿಂದ ಕಣ್ಣಿಗೆ ಒಂದೇ ಆದ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ನಿಲ್ಲಬಲ್ಲವು, ಹುಡುಕಿದಾಗ ಒಂದು ಸಿಕ್ಕು ಮತ್ತೊಂದು ಸಿಗದೆ ಹೋಗಬಲ್ಲದು. ಇಂಥ ಕಡತವನ್ನು ಅಳಿಸದೆ, ಹೆಸರನ್ನು ಹೊಸದಾಗಿ ಬೆರಳಚ್ಚಿಸಿ ಬದಲಿಸಿದರೆ ಗೊಂದಲ ತೀರುತ್ತದೆ.

ಲಿಪಿಯಾದ ಮೇಲೆ ವಿದ್ಯುತ್ತು. ಹೊರಗೆ ಕರೆಂಟು ಹೋದಾಗ ಯುಪಿಎಸ್ ಇಲ್ಲದ ಗಣಕ ನಡುವಾಕ್ಯದಲ್ಲೇ ನಿಲ್ಲುತ್ತದೆ, ಮತ್ತು ಉಳಿಸಿದ್ದಾಯಿತೆಂದು ಬಳಕೆದಾರ ಭಾವಿಸಿದ ಮಾಹಿತಿಯೂ ಅರ್ಧ ನಿಮಿಷದವರೆಗೆ ಡಿಸ್ಕಿಗೆ ಇಳಿಯದೆ ತಾತ್ಕಾಲಿಕ ಸ್ಮೃತಿಯಲ್ಲೇ ಇರಬಹುದು. ಎಕ್ಸ್ಟ್4 ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್ ಎಂಬ ದಿನಚರಿಯಲ್ಲಿ ಬರೆದು ಆನಂತರ ಜಾರಿಗೆ ತರುವುದರಿಂದ, ಮರಳಿ ಆರಂಭವಾದಾಗ ಆ ದಿನಚರಿಯನ್ನು ಓದಿ ಅರ್ಧಕ್ಕೆ ನಿಂತ ಕೆಲಸವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕೆಲವೊಮ್ಮೆ ಮಾತ್ರ, ವಿಶೇಷವಾಗಿ ಪದೇಪದೇ ಹೀಗಾದಾಗ, ಕಪ್ಪು ಪರದೆಯ ಮೇಲೆ ಇನಿಟ್‌ರಾಮ್‌ಎಫ್ಎಸ್ ಎಂಬ ಸೂಚನೆ ಬಂದು ಗಣಕ ಮುಂದೆ ಸಾಗದೆ ನಿಲ್ಲಬಹುದು. ಇದು ಅಂತ್ಯವಲ್ಲ, ವಿರಾಮ: ಯಾವ ವಿಭಾಗ ತಪಾಸಣೆ ಬೇಡುತ್ತಿದೆ ಎಂಬುದು ಅದರ ಮೇಲಿನ ಸಾಲುಗಳಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ, ಎಫ್ಎಸ್‌ಸಿಕೆ ಎಂಬ ಆದೇಶಕ್ಕೆ ಆ ವಿಭಾಗದ ಹೆಸರು ಕೊಟ್ಟರೆ ದುರಸ್ತಿ ನಡೆಯುತ್ತದೆ. ಈ ಹಂತದಲ್ಲಿ ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವ ಸಲಹೆಗೆ ಕಿವಿಗೊಟ್ಟು ವರ್ಷಗಳ ಲೆಕ್ಕಪತ್ರ ಕಳೆದುಕೊಳ್ಳುವುದು ನಿಜಕ್ಕೂ ದುಃಖದ ಸಂಗತಿ.

ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರ್ ಮೌನವಾಗುವುದಕ್ಕೂ ವಿವರಣೆಯಿದೆ. ಎಚ್‌ಪಿ ಲೇಸರ್‌ಜೆಟ್ 1020ರಂಥ ಮಾದರಿಗಳು ತಮ್ಮ ಆಂತರಿಕ ತಂತ್ರಾಂಶವನ್ನು ಒಳಗೆ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಗಣಕ ಅದನ್ನು ಕಳುಹಿಸಬೇಕು. ಲಿನಕ್ಸ್‌ನಲ್ಲಿ ಇದನ್ನು ಎಚ್‌ಪಿ ಪ್ರಿಂಟರುಗಳ ಚಾಲಕ ತಂತ್ರಾಂಶವಾದ ಎಚ್‌ಪಿಲಿಪ್‌ನ ಪ್ಲಗಿನ್ ಮಾಡುತ್ತದೆ, ಮತ್ತು ಆ ಪ್ಲಗಿನ್‌ನ ಆವೃತ್ತಿ ಎಚ್‌ಪಿಲಿಪ್‌ನ ಆವೃತ್ತಿಗೆ ಹೊಂದಲೇಬೇಕು. ಆದ್ದರಿಂದ ನಿನ್ನೆ ಅಪ್‌ಡೇಟ್ ಆಗಿ ಇಂದು ಮುದ್ರಣ ನಿಂತಿದ್ದರೆ ಪ್ಲಗಿನ್ ಮತ್ತೆ ಸ್ಥಾಪಿಸುವುದು ಮೊದಲ ಹೆಜ್ಜೆ.

ಗಡಿಯಾರದ ದೋಷ ಎರಡು ರೂಪದಲ್ಲಿ ಬರುತ್ತದೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತರೆ ಗಣಕ ಪ್ರತಿ ಸಲ ಹಳೆಯ ಯಾವುದೋ ವರ್ಷದಲ್ಲಿ ಕಣ್ಣು ತೆರೆಯುತ್ತದೆ; ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ನಿಶ್ಚಿತ ಅವಧಿ ಇರುವುದರಿಂದ ಅವು ಇನ್ನೂ ಜಾರಿಗೆ ಬಂದಿಲ್ಲವೆಂದು ತಿಳಿದು ಬ್ರೌಸರ್ ಸಂಪರ್ಕವನ್ನು ನಿರಾಕರಿಸುತ್ತದೆ, ಜನ ಇಂಟರ್ನೆಟ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಇನ್ನೊಂದು, ವಿಂಡೋಸ್ ಮತ್ತು ಲಿನಕ್ಸ್ ಒಂದೇ ಗಣಕದಲ್ಲಿರುವಾಗ ಸಮಯ ನಿಖರವಾಗಿ ಐದೂವರೆ ಗಂಟೆ ತಪ್ಪುವುದು. ಯಂತ್ರದ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನೂ ಲಿನಕ್ಸ್ ಜಾಗತಿಕ ಸಮಯವನ್ನೂ ಇಡುವುದೇ ಇದರ ಮೂಲ. ಎರಡರಲ್ಲಿ ಒಂದನ್ನು ಮತ್ತೊಂದರ ಪದ್ಧತಿಗೆ ಹೊಂದಿಸಿದರೆ ಸಾಕು. ಅಂಥ ಗಣಕದಲ್ಲಿ ವಿಂಡೋಸ್ ವಿಭಾಗವನ್ನು ಲಿನಕ್ಸ್‌ನಿಂದ ಓದಲು ಸಾಧ್ಯವಾಗಿ ಬರೆಯಲು ಆಗದಿದ್ದರೆ, ಶೀಘ್ರ ಆರಂಭದ ಸೌಲಭ್ಯದಿಂದಾಗಿ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿದೆ ಎಂದು ತಿಳಿದು, ಆ ಸೌಲಭ್ಯವನ್ನು ವಿಂಡೋಸ್ ಒಳಗೇ ನಿಲ್ಲಿಸಬೇಕು.

ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸಬಹುದು. ವೈಫೈ ಕಾಣದಿದ್ದರೆ ಅದರ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಇಲ್ಲದಿರುವ ಸಂಭವ ಹೆಚ್ಚು; ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಆರಿಸಿದರೆ ತಾತ್ಕಾಲಿಕ ಇಂಟರ್ನೆಟ್ ಸಿಗುತ್ತದೆ, ಅದರ ಮೂಲಕವೇ ಫರ್ಮ್‌ವೇರ್ ಇಳಿಸಿಕೊಳ್ಳಬಹುದು. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಪರದೆಯೇ ಮರಳಿ ಬರುತ್ತಿದ್ದರೆ ಡಿಸ್ಕ್ ತುಂಬಿದೆಯೇ ಎಂದು ಮೊದಲು ನೋಡಬೇಕು. ಅಪ್‌ಡೇಟ್ ಆದ ಮೇಲೆ ಗಣಕ ಏಳದಿದ್ದರೆ, ಆರಂಭದ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನೆಲ್ ಇನ್ನೂ ಉಳಿದಿರುತ್ತದೆ, ಅದನ್ನು ಆರಿಸಿ ಕೆಲಸ ಮುಂದುವರಿಸಬಹುದು. ಇವೆಲ್ಲದರ ಸುಳಿವು ಜರ್ನಲ್‌ಸಿಟಿಎಲ್ ಎಂಬ ಆದೇಶ ತೋರಿಸುವ ದಾಖಲೆಯಲ್ಲಿರುತ್ತದೆ. ದೋಷ ಕಂಡ ಗಳಿಗೆಯ ಆಸುಪಾಸಿನ ಸಾಲುಗಳನ್ನು ಓದಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವ ಶಿಸ್ತು ಇಲ್ಲದಿದ್ದರೆ ಸರಿಹೋದದ್ದು ಯಾವುದರಿಂದ ಎಂಬುದೇ ತಿಳಿಯದೆ ಹೋಗುತ್ತದೆ.

ದೋಷ ತಂತ್ರಾಂಶದ್ದೋ ಯಂತ್ರದ್ದೋ ಎಂದು ಬಗೆಹರಿಯದಿದ್ದಾಗ ಲೈವ್ ಪೆನ್‌ಡ್ರೈವ್ ಒಳ್ಳೆಯ ತೀರ್ಪುಗಾರ. ಅದರಿಂದ ಆರಂಭಿಸಿದ ಲಿನಕ್ಸ್ ಡಿಸ್ಕಿನಲ್ಲಿರುವ ಯಾವುದನ್ನೂ ಮುಟ್ಟದೆ ನೇರ ಸ್ಮೃತಿಯಲ್ಲಿ ಓಡುತ್ತದೆ. ಅಲ್ಲಿ ಧ್ವನಿ, ವೈಫೈ, ಪ್ರಿಂಟರ್ ಸರಿಯಿದ್ದರೆ ಯಂತ್ರ ನಿರ್ದೋಷಿ, ತೊಂದರೆ ಇರುವುದು ಸ್ಥಾಪಿಸಿದ ವ್ಯವಸ್ಥೆಯ ಹೊಂದಾಣಿಕೆಯಲ್ಲಿ. ಅಲ್ಲಿಯೂ ಗಣಕ ತಡವರಿಸಿ, ಡಿಸ್ಕಿನ ಸ್ವಯಂತಪಾಸಣೆಯ ವರದಿಯಾದ ಸ್ಮಾರ್ಟ್‌ನಲ್ಲಿ ಕೆಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಬೇರೆ ಯಾವ ದುರಸ್ತಿಗೂ ಕೈಹಾಕದೆ, ಅದೇ ಪೆನ್‌ಡ್ರೈವ್‌ನಿಂದ ಗಣಕವನ್ನು ನಡೆಸಿ ಕಡತಗಳನ್ನೆಲ್ಲ ಮತ್ತೊಂದು ಡಿಸ್ಕಿಗೆ ನಕಲಿಸಿಕೊಳ್ಳಬೇಕು.