ಎರೆಮಣ್ಣಿನ ಸೀಮೆಯಲ್ಲಿ ಜೆರೇನಿಯಂ
ಕಲಬುರಗಿ ಜಿಲ್ಲೆಯ ಕೊಡ್ಲಿ, ಸೇಡಂ ಸೀಮೆಯಲ್ಲಿ ಜೆರೇನಿಯಂ ಬೆಳೆಸಬಯಸುವವರು ಅಂಜುವುದು ಬಿಸಿಲಿಗೆ. ಆದರೆ ಅದಕ್ಕಿಂತ ದೊಡ್ಡ ವೈರಿ ಎರೆಮಣ್ಣು. ದಕ್ಷಿಣ ಆಫ್ರಿಕಾ ಮೂಲದ ಈ ಗಿಡದ ದಪ್ಪ ಕಾಂಡ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಂದೆರಡು ದಿನದ ಬಾಯಾರಿಕೆಯನ್ನು ಸಹಿಸೀತು. ನೀರು ಬಸಿಯದ ಮಣ್ಣಿನಲ್ಲಿ ಮಾತ್ರ ಬೇರು ಕೊಳೆತು, ಕಾಂಡ ಬುಡದಿಂದ ಕಪ್ಪಾಗುತ್ತದೆ. ಬಾಡಿತೆಂದು ಮತ್ತಷ್ಟು ನೀರು ಸುರಿದರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ನೆಲಕ್ಕಿಂತ, ತಳದಲ್ಲಿ ರಂಧ್ರವಿರುವ ಮಣ್ಣಿನ ಕುಂಡವೇ ಲೇಸು. ಕೆಂಪುಮಣ್ಣು, ಮರಳು, ಕಳಿತ ಸಗಣಿ ಗೊಬ್ಬರವನ್ನು ಸಮಪಾಲು ಬೆರೆಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರುಣಿಸಬೇಕು. ಮಳೆ ಹಿಂದೆ ಸರಿದ ಅಕ್ಟೋಬರ್‌ನಲ್ಲಿ 4 ಅಂಗುಲದ ತುದಿಗಳನ್ನು ಕತ್ತರಿಸಿ, ಗಾಯ ಒಣಗಲು ಒಂದು ದಿನ ನೆರಳಲ್ಲಿಟ್ಟು ನೆಡಬೇಕು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್–ಮೇನಲ್ಲಿ ಬೆಳಗಿನ ಬಿಸಿಲಷ್ಟೇ ತಾಗುವ ಕಟ್ಟೆಗೆ ಕುಂಡ ಸರಿಸಿ, ಗೊಬ್ಬರ ನಿಲ್ಲಿಸಬೇಕು. ಆಗ ಹೂ ನಿಲ್ಲುವುದು ಸಹಜ. ಜೂನ್ ಬಂದೊಡನೆ ಸೂರಿನಡಿಗೆ.