ಕೇಳುವ ಹೃದಯ

ಒಂದು ಭಾಷೆಯ ನಾಮಪದವನ್ನು ಇನ್ನೊಂದಕ್ಕೆ ತರುವುದು ಬಹಳ ಕಷ್ಟವಲ್ಲ. ವಸ್ತುವನ್ನು ತೋರಿಸಿ ಹೆಸರು ಹೇಳಿದರಾಯಿತು. ಕ್ರಿಯಾಪದದ ಮಾತು ಹಾಗಲ್ಲ. ಅದರ ಹಿಂದೆ ಒಂದು ಜನ ಬಾಳಿದ ರೀತಿಯೇ ನಿಂತಿರುತ್ತದೆ. ಬೈಬಲಿನ ಹೀಬ್ರೂ ಭಾಷೆಯ ‘ಶಾಮಾ’ ಎಂಬ ಧಾತು ಇದಕ್ಕೆ ಒಳ್ಳೆಯ ನಿದರ್ಶನ.

ಹಳೆಯ ಒಡಂಬಡಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಸಲ ಬರುವ ಈ ಧಾತುವಿನ ಮೂಲಾರ್ಥ ಕಿವಿಯಿಂದ ಕೇಳುವುದು. ಆದರೆ ಅರ್ಥ ಕಿವಿಯಲ್ಲಿಯೇ ನಿಲ್ಲುವುದಿಲ್ಲ. ಬಾಬೆಲಿನ ಗೋಪುರದ ಕಥೆಯಲ್ಲಿ ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದಾಗಬೇಕೆನ್ನುವಲ್ಲಿ ಇದೇ ಧಾತುವಿದೆ. ಅಲ್ಲಿ ಅದು ಗ್ರಹಿಕೆ. ‘ಧ್ವನಿ’ ಎಂಬ ಪದದೊಡನೆ ಸೇರಿದಾಗ ಹೇಳಿದಂತೆ ನಡೆಯುವುದು ಎಂದಾಗುತ್ತದೆ. ಯೆಹೂದ್ಯರು ಬೆಳಿಗ್ಗೆ ಸಂಜೆ ಪಠಿಸುವ ಪ್ರಾರ್ಥನೆಯ ಮೊದಲ ಪದವೂ ಈ ಧಾತುವಿನ ವಿಧಿರೂಪವೇ. ಅದು ಬರಿಯ ಕಿವಿಗೊಟ್ಟ ಕರೆಯಲ್ಲ, ಬಾಳಿಗೆ ಕೊಟ್ಟ ಕರೆ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ಕಾಲದಿಂದ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ನಡೆದುಬಂದಿದೆ. ಇಂಥ ಧಾತುವಿನೆದುರು ಅನುವಾದಕನಿಗೆ ಎರಡು ದಾರಿಗಳುಂಟು. ಸಂದರ್ಭಕ್ಕೆ ತಕ್ಕಂತೆ ‘ಕೇಳು’, ‘ತಿಳಿ’, ‘ವಿಧೇಯನಾಗು’ ಎಂದು ಒಡೆದು ಹೇಳಬಹುದು. ಆಗ ಅರ್ಥ ಸ್ಪಷ್ಟವಾಗುತ್ತದೆ. ಆದರೆ ಕೇಳುವುದು ಬೇರೆ, ನಡೆಯುವುದು ಬೇರೆ ಎಂದಾಗಿಬಿಡುತ್ತದೆ. ಇಲ್ಲವೇ ಒಂದೇ ಪದವನ್ನು ಉಳಿಸಿಕೊಳ್ಳಬಹುದು.

ಈ ಎರಡನೆಯ ದಾರಿ ಕನ್ನಡಕ್ಕೆ ಸಹಜವಾದುದು. ಅಂಕೋಲೆಯ ತಾಯಿ ‘ಮಗ ಮಾತು ಕೇಳುವುದಿಲ್ಲ’ ಎಂದರೆ ಅವನು ಕಿವುಡನೆಂದು ಯಾರೂ ತಿಳಿಯರು. ಕಾರವಾರದ ಕಿನ್ನರದಂಥ ಊರುಗಳ ಕೊಂಕಣಿಯಲ್ಲಿ ‘ಆಯ್ಕನಾ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ಹೀಬ್ರೂವಿನ ‘ಧ್ವನಿ ಕೇಳು’ ಎಂಬ ನುಡಿಗಟ್ಟಿಗೆ ನಮ್ಮ ‘ಮಾತು ಕೇಳು’ ಒಡಹುಟ್ಟಿದಂತಿದೆ. ‘ವಿಧೇಯತೆ’ಯಲ್ಲಿ ಆಳಿನ ತಲೆಬಾಗುವಿಕೆಯ ಛಾಯೆಯುಂಟು, ‘ಮಾತು ಕೇಳುವುದ’ರಲ್ಲಿ ಮನೆಯ ಸಲಿಗೆಯುಂಟು. ಈ ಭೇದ ಸಣ್ಣದಲ್ಲ. ದೇವರನ್ನು ಒಡೆಯನಾಗಿ ಕಾಣುವುದೋ, ತಂದೆಯಾಗಿ ಕಾಣುವುದೋ ಎಂಬುದೇ ಅಲ್ಲಿ ಬದಲಾಗಬಹುದು.

ಆದರೆ ಕನ್ನಡದ ‘ಕೇಳು’ವಿಗೆ ಹೀಬ್ರೂವಿನಲ್ಲಿಲ್ಲದ ಇನ್ನೊಂದು ಅರ್ಥವಿದೆ: ಪ್ರಶ್ನಿಸುವುದು, ಬೇಡುವುದು. ಹೀಬ್ರೂವಿನಲ್ಲಿ ಅದಕ್ಕೆ ‘ಶಾಅಲ್’ ಎಂಬ ಬೇರೆಯೇ ಧಾತುವುಂಟು. ಬೇಕಾದುದನ್ನು ಬೇಡಿಕೋ ಎಂದು ದೇವರು ಕನಸಿನಲ್ಲಿ ಹೇಳಿದಾಗ ಅರಸ ಸೊಲೊಮೋನನು ಬಯಸಿದ್ದು ಐಶ್ವರ್ಯವನ್ನಲ್ಲ, ದೀರ್ಘಾಯುಷ್ಯವನ್ನೂ ಅಲ್ಲ. ಮೂಲದ ಪದಗಳನ್ನು ಇದ್ದಂತೆಯೇ ಇಟ್ಟರೆ, ಅವನು ಬಯಸಿದ್ದು ‘ಕೇಳುವ ಹೃದಯ’. ಕನ್ನಡದಲ್ಲಿ ಅದು ಬೇಡುವ ಹೃದಯವೆಂದೂ ತೋರೀತು. ಅನೇಕ ಭಾಷೆಗಳ ಅನುವಾದಕರು ಇಲ್ಲಿ ವಿವೇಕ, ಜ್ಞಾನ ಮೊದಲಾದ ಪದಗಳನ್ನು ಆಶ್ರಯಿಸಿದ್ದಾರೆ. ಅದು ತಪ್ಪಲ್ಲ. ಆದರೂ ಒಂದು ನಷ್ಟವುಂಟು. ಇದಾದ ಕೂಡಲೇ ಒಂದು ಕೂಸಿಗಾಗಿ ಇಬ್ಬರು ತಾಯಂದಿರು ವ್ಯಾಜ್ಯ ಹೂಡಿ ಅವನ ಮುಂದೆ ನಿಲ್ಲುತ್ತಾರೆ. ಸಾಕ್ಷಿಯಿಲ್ಲದ ಆ ಮೊಕದ್ದಮೆಯಲ್ಲಿ ಅವನಿಗೆ ಒದಗಿದ್ದು ಪಾಂಡಿತ್ಯವಲ್ಲ. ಇಬ್ಬರ ಮಾತನ್ನೂ ಕೇಳಿ, ಹೆತ್ತ ಕರುಳಿನ ಕೂಗನ್ನು ಗುರುತಿಸುವ ಶಕ್ತಿ.

ನ್ಯಾಯದ ಮೊದಲ ಮೆಟ್ಟಿಲು ಹೇಳುವುದಲ್ಲ, ಕೇಳುವುದು. ಆ ಪ್ರಾಚೀನ ಧಾತುವಿನ ಈ ಅರ್ಥವನ್ನು ತುಂಬಿಕೊಳ್ಳಲು ಕನ್ನಡಕ್ಕೆ ಎರವಲು ಪದ ಬೇಕಿಲ್ಲ. ‘ಆಲಿಸುವ ಹೃದಯ’ವೆಂದರೆ ಸಂದಿಗ್ಧವೂ ಇಲ್ಲ, ನಷ್ಟವೂ ಇಲ್ಲ.